ಏಳು ತಂತಿಯ ಲೆಕ್ಕ

(ನಂಜನಗೂಡು, ಕಪಿಲೆಯ ಸ್ನಾನಘಟ್ಟ. ಸೋಮವಾರವಲ್ಲದ್ದರಿಂದ ಜನ ಕಡಿಮೆ. ಮುಡಿ ಕೊಟ್ಟು ಬಂದ ಒಂದು ಸಂಸಾರ ಕೆಳಗಿನ ಮೆಟ್ಟಿಲಲ್ಲಿ ಮುಳುಗು ಹಾಕುತ್ತಿದೆ. ಮೇಲಿನ ಮೆಟ್ಟಿಲಲ್ಲಿ ಇಬ್ಬರು: ಪಾಠ ಹೇಳಿ ನಿವೃತ್ತರಾದವರು ಒಬ್ಬರು, ಟಿ. ನರಸೀಪುರದ ಕಡೆಯಿಂದ ಮೈಸೂರಿಗೆ ಓಡಾಡಿಕೊಂಡು ಸಂಗೀತದಲ್ಲಿ ಎಂ.ಎ. ಓದುತ್ತಿರುವ ಹುಡುಗಿ ಒಬ್ಬಳು.)

— ಪೆನ್ಸಿಲ್ ಇದೆಯಾ?

— ಇದೆ ಸರ್. ಸಿನಾಪ್ಸಿಸ್ ಪೂರ್ತಿ ಓದಿದ್ರಾ?

— ಹೆಸರಿನ ಹತ್ತಿರವೇ ನಿಂತಿದ್ದೀನಿ. 'ಟಿ. ಚೌಡಯ್ಯನವರ ಜೀವನ ಮತ್ತು ಸಾಧನೆ: ಒಂದು ಅಧ್ಯಯನ'. ಈ 'ಒಂದು ಅಧ್ಯಯನ' ಯಾಕೆ? ಎರಡು ಅಧ್ಯಯನ ಅಂತ ಯಾರಾದರೂ ತಪ್ಪು ತಿಳ್ಕೋತಾರಾ?

— ಎಲ್ಲರೂ ಹಾಗೇ ಹಾಕ್ತಾರೆ ಸರ್.

— ಅದನ್ನು ಹೊಡೆದೆ. 'ಸಾಧನೆ' ಅಂತ ಮೊದಲೇ ತೀರ್ಮಾನ ಕೊಟ್ಟ ಮೇಲೆ ಒಳಗೆ ಹುಡುಕೋದು ಏನಿದೆ? ಅದನ್ನೂ ಹೊಡೆದೆ. ಉಳಿದದ್ದು ಚೌಡಯ್ಯ ಮತ್ತು ಜೀವನ. ಹುಟ್ಟಿದ್ದು ಯಾವಾಗ ಅಂತ ಬರೆದಿದ್ದೀಯ?

— 1895, ಜನವರಿ 1.

— ನನ್ನ ಹತ್ತಿರ ಒಂದು ಪುಸ್ತಕ ಇದೆ, ಅದರಲ್ಲಿ 1894 ಅಂತಿದೆ.

— ನಾನೂ ನೋಡಿದೆ. ಜಾಸ್ತಿ ಕಡೆ ಇದ್ದದ್ದನ್ನ ತಗೊಂಡೆ.

— ಓಟು ಹಾಕಿ ಗೆಲ್ಲಿಸಿದೆ ಅನ್ನು. ಒಬ್ಬ ಬರೆದದ್ದನ್ನು ಹತ್ತು ಜನ ನಕಲು ಮಾಡಿದರೆ ಹನ್ನೊಂದು ಸಾಕ್ಷಿ ಆಗುತ್ತಾ? ಸಾಕ್ಷಿ ಒಂದೇ, ಜೆರಾಕ್ಸ್ ಹತ್ತು. ನಿಮಗೆ ಸಂಶೋಧನಾ ವಿಧಾನ ಅಂತ ಪತ್ರಿಕೆ ಇದೆಯಲ್ಲ?

— ಇದೆ. ಪ್ರಾಥಮಿಕ ಆಕರ, ದ್ವಿತೀಯಕ ಆಕರ, ಪ್ರಾಕ್ಕಲ್ಪನೆ, ಪ್ರಶ್ನಾವಳಿ. ಬಾಯಿಪಾಠ ಬರುತ್ತೆ.

— ಅಲಂಕಾರ ಬಾಯಿಪಾಠ ಬಂದ ಮಾತ್ರಕ್ಕೆ ರಾಗ ಬರೋದಿಲ್ಲ. ಒಂದು ಲೆಕ್ಕ ಹಾಕೋಣ ಬಾ. ಆ ಕಾಲದಲ್ಲಿ ಹಳ್ಳಿಯಲ್ಲಿ ಮಗು ಹುಟ್ಟಿದರೆ ಇಸವಿ ಬರೆದಿಡ್ತಿದ್ರಾ?

— ಇಲ್ಲ. ಸಂವತ್ಸರ, ಮಾಸ, ತಿಥಿ.

— 1895ರ ಜನವರಿ 1 ಯಾವ ಸಂವತ್ಸರದಲ್ಲಿ ಬರುತ್ತೆ? ಜಯ. ಜಯ ಶುರುವಾಗಿದ್ದು 1894ರ ಯುಗಾದಿಗೆ, ಮುಗಿದದ್ದು 1895ರ ಯುಗಾದಿಗೆ. ಈಗ ಒಬ್ಬ ಲೇಖಕ, ಅವಸರದಲ್ಲಿರೋನು, 'ಜಯ ಸಂವತ್ಸರ, ಪುಷ್ಯ ಮಾಸ' ಅನ್ನೋ ಚೀಟಿ ನೋಡಿ ಇಸವಿಗೆ ತಿರುಗಿಸ್ತಾನೆ ಅಂದುಕೋ.

— ಜಯ ಅಂದರೆ 1894 ಅಂತ ಪಟ್ಟಿಯಲ್ಲಿ ಇರುತ್ತೆ. ಹಾಗೇ ಬರೀತಾನೆ. ಪುಷ್ಯ ಬರೋದು ಸಂವತ್ಸರದ ಕೊನೆಗೆ, ಆಗ ಹೊಸ ಇಸವಿ ಬಂದಿರುತ್ತೆ ಅನ್ನೋದು ಹೊಳೆಯೋದಿಲ್ಲ. ಹಾಗಾದ್ರೆ ಎರಡೂ ಇಸವಿ ಒಂದೇ ದಿನದ್ದು!

— ಹಾರಬೇಡ. ಆಗಿರಬಹುದು. ಚೀಟಿ ನಾನು ನೋಡಿಲ್ಲ, ನೀನೂ ನೋಡಿಲ್ಲ. ನಾವು ಈಗ ಮಾಡಿದ್ದು ಊಹೆ. ಆದರೆ ಈ ಊಹೆಗೆ ಒಂದು ಗುಣ ಇದೆ: ಏನು ಸಿಕ್ಕಿದರೆ ಇದು ಸುಳ್ಳಾಗುತ್ತೆ ಅಂತ ಹೇಳಬಲ್ಲೆವು. ಜಾತಕದಲ್ಲಿ ವೈಶಾಖ ಅಂತ ಇದ್ದರೆ ಮುಗೀತು, ನಮ್ಮ ಜಾಣತನ ಕಪಿಲೆಗೆ. 'ಅವರು ನಾದಬ್ರಹ್ಮರಾಗಿದ್ದರು' ಅಂತ ಮೂರನೇ ಅಧ್ಯಾಯದಲ್ಲಿ ಬರೆದಿದ್ದೀಯಲ್ಲ, ಅದು ಏನು ಸಿಕ್ಕಿದರೆ ಸುಳ್ಳಾಗುತ್ತೆ?

— ಅದು... ಗೌರವದ ಮಾತು ಸರ್.

— ಗೌರವ ಇರಲಿ. ಅರ್ಪಣೆಯ ಪುಟದಲ್ಲಿ ಹಾಕು, ಯಾರೂ ಬೇಡ ಅನ್ನೋದಿಲ್ಲ.

— ನಮಗೆ ಕಷ್ಟ ಆಗೋದು ಇಲ್ಲೇ. ಬೆಳಗ್ಗೆ ಗುರುಗಳ ಮುಂದೆ ಕೂತು ಅವರು ಹೇಳಿಕೊಟ್ಟ ಸಂಗತಿಯನ್ನ ಕೂದಲೆಳೆ ಬದಲಾಯಿಸದೆ ಹಾಡಬೇಕು. 'ಯಾಕೆ ಹೀಗೆ' ಅಂದರೆ ಅಧಿಕಪ್ರಸಂಗ. ಮಧ್ಯಾಹ್ನ ತರಗತಿಗೆ ಬಂದರೆ 'ವಿಮರ್ಶಾತ್ಮಕವಾಗಿ ಯೋಚಿಸಿ' ಅಂತಾರೆ. ಊಟದ ಹೊತ್ತಿಗೆ ತಲೆ ಬದಲಾಯಿಸಿಕೊಂಡು ಬರೋಕಾಗುತ್ತಾ?

— ಸಾಹಿತ್ಯದ ಎಂ.ಎ. ಹುಡುಗರಿಗೆ ಈ ಪೇಚು ಇಲ್ಲ, ನಿಜ. ಪಂಪನ ಹತ್ತಿರ ಯಾರೂ ಪಾಠ ಹೇಳಿಸಿಕೊಂಡಿರೋದಿಲ್ಲ. ಆದರೆ ನಿನ್ನ ಚೌಡಯ್ಯನವರನ್ನೇ ನೋಡು. ಬಿಡಾರಂ ಕೃಷ್ಣಪ್ಪನವರ ಮನೆಯಲ್ಲಿ ವರ್ಷಗಟ್ಟಲೆ ಗುರುಕುಲವಾಸ. ಅಂಥವರು ನಾಲ್ಕು ತಂತಿಯ ಪಿಟೀಲಿಗೆ ಇನ್ನು ಮೂರು ತಂತಿ ಕಟ್ಟಿದರು. ಅದು ವಿಧೇಯತೆಯಾ, ಅಧಿಕಪ್ರಸಂಗವಾ?

— ಎರಡೂ ಅಂತೀರಾ?

— ನಾನೇನೂ ಅನ್ನೋದಿಲ್ಲ. ಕನ್ನಡದಲ್ಲಿ ನಮಗೊಂದು ಅನುಕೂಲ ಇದೆ, ಕಿವಿಯಿಂದ ಮಾಡೋದಕ್ಕೂ ಬಾಯಿಂದ ಮಾಡೋದಕ್ಕೂ ಒಂದೇ ಮಾತು: ಕೇಳೋದು. ಬೆಳಗ್ಗೆ ಒಂದು ಥರ ಕೇಳು, ಮಧ್ಯಾಹ್ನ ಇನ್ನೊಂದು ಥರ ಕೇಳು. ಸರಿ, ಆ ಮೂರು ತಂತಿ ಯಾಕೆ ಬಂದವು ಅಂತ ಬರೆದಿದ್ದೀಯ?

— ಆಗ ಮೈಕ್ ಇರಲಿಲ್ಲ. ಹಿಂದಿನ ಸಾಲಿನವರಿಗೆ ಪಿಟೀಲು ಕೇಳಿಸ್ತಿರಲಿಲ್ಲ. ಚೆಂಬೈ ವೈದ್ಯನಾಥ ಭಾಗವತರಂಥ ತುಂಬು ಕಂಠದ ಪಕ್ಕದಲ್ಲಿ ಕೂತು ನುಡಿಸಬೇಕಿತ್ತು. ಅದಕ್ಕೇ 1927ರ ಸುಮಾರಿಗೆ ತಂತಿಗಳನ್ನ ಜೋಡಿ ಮಾಡಿದರು. ನಾದ ಎರಡು ಪಟ್ಟಾಯಿತು.

— ಕೊನೇ ವಾಕ್ಯ ಇನ್ನೊಂದು ಸಲ ಹೇಳು.

— ನಾದ ಎರಡು ಪಟ್ಟಾಯಿತು.

— ಯಾರು ಅಳೆದರು?

— ...

— ತಂತಿ ಜೋಡಿಯಾಯಿತು, ಸರಿ. ಕಮಾನು ಎಳೆಯೋ ಕೈ?

— ಒಂದೇ.

— ಶಬ್ದದ ಶಕ್ತಿ ಬರೋದು ತಂತಿಯಿಂದ ಅಲ್ಲ, ಕೈಯಿಂದ. ಅದೇ ತೋಳು ಈಗ ಎರಡು ತಂತಿಯನ್ನು ಉಜ್ಜಬೇಕು. ಹೋಗಲಿ, ಶಕ್ತಿ ನಿಜಕ್ಕೂ ಎರಡು ಪಟ್ಟಾಯಿತು ಅಂತಲೇ ಇಟ್ಟುಕೋ. ಆಗ ಏರೋದು 3 ಡೆಸಿಬಲ್. ನಮ್ಮ ಕಿವಿಗೆ 'ಓ, ಎರಡು ಪಟ್ಟಾಯಿತು' ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು. ಅಂದರೆ ನಿನ್ನ ವಾಕ್ಯ ಭೌತಶಾಸ್ತ್ರದಲ್ಲೇ ಎಡವಿತು.

— ಹಾಗಾದ್ರೆ ಕೇಳಿದವರೆಲ್ಲ ಸುಳ್ಳು ಹೇಳಿದರಾ? ಪಿಟೀಲು ಗುಂಗುಡ್ತಿತ್ತು, ಸಭೆ ತುಂಬ್ತಿತ್ತು ಅಂತ ಎಷ್ಟು ಜನ ಹೇಳಿದ್ದಾರೆ.

— ಆಹಾ, ಈಗ ಸರಿಯಾದ ಜಾಗಕ್ಕೆ ಬಂದೆ. ಅವರು ಸುಳ್ಳು ಹೇಳಲಿಲ್ಲ. ಕೇಳಿದ್ದು ನಿಜ. ಕೇಳಿದ್ದಕ್ಕೆ ಕೊಟ್ಟ ಕಾರಣ ನಿಜವಾ ಅನ್ನೋದು ಬೇರೆ ಪ್ರಶ್ನೆ. ಅನುಭವ ಬೇರೆ, ವಿವರಣೆ ಬೇರೆ. ನಮ್ಮ ಸಂಗೀತದ ಪ್ರಬಂಧಗಳಲ್ಲಿ ಅರ್ಧಕ್ಕರ್ಧ ಗೊಂದಲ ಈ ಎರಡನ್ನು ಒಂದೇ ಗಂಟಲಲ್ಲಿ ನುಂಗೋದರಿಂದ ಬರುತ್ತೆ. ತಂಬೂರಿಗೆ ಜೀವಾಳದ ದಾರ ಹಾಕಿದ್ದೀಯಲ್ಲ?

— ದಿನಾ ಹಾಕ್ತೀನಿ.

— ದಾರ ಸರಿದ ಕೂಡಲೆ ನಾದ ಅರಳುತ್ತೆ ಅಂತ ತಂಬೂರಿ ಹಿಡಿದವರಿಗೆಲ್ಲ ಗೊತ್ತಿತ್ತು. ಯಾಕೆ ಅಂತ ಕೂತವರು ಸಿ.ವಿ. ರಾಮನ್. 1921ರಲ್ಲಿ ಅವರು ತೋರಿಸಿದ್ದು ಇದು: ತಂತಿಯನ್ನು ಒಂದು ಬಿಂದುವಿನಲ್ಲಿ ಮೀಟಿದರೆ ಕೆಲವು ಉಪಸ್ವರಗಳು ಹುಟ್ಟಲೇಬಾರದು ಅಂತ ಯುರೋಪಿನ ನಿಯಮ. ನಮ್ಮ ತಂಬೂರಿ, ವೀಣೆಯಲ್ಲಿ ಆ ಹುಟ್ಟಬಾರದ ಸ್ವರಗಳೂ ಹುಟ್ಟುತ್ತವೆ. ತಂತಿ ಬಾಗಿದ ಕುದುರೆಯ ಮೇಲೆ ಸವರಿಕೊಂಡು ಹೋಗೋದೇ ಕಾರಣ. ಯಾರೋ ಪುಣ್ಯಾತ್ಮ ಕಾಲಾಂತರದಲ್ಲಿ ಕೈಯಿಂದ ಕಂಡುಹಿಡಿದದ್ದನ್ನು ಇವರು ಕಾರಣ ಸಮೇತ ಬರೆದರು. ತಂಬೂರಿಯ ಮರ್ಯಾದೆ ಏನಾದರೂ ಕಡಿಮೆಯಾಯಿತಾ?

— ನಾವು ಸೈನ್ಸ್ ಓದಿದವರಲ್ಲ ಸರ್.

— ಮೈಸೂರಿನಲ್ಲೇ ಇದ್ದರಲ್ಲ, ರಾ. ಸತ್ಯನಾರಾಯಣ. ಕಾಲೇಜಿನಲ್ಲಿ ಹೇಳ್ತಿದ್ದದ್ದು ರಸಾಯನಶಾಸ್ತ್ರದ ಪಾಠ. ಅದೇ ಕೈ ಪುಂಡರೀಕ ವಿಠ್ಠಲನ 'ನರ್ತನನಿರ್ಣಯ'ವನ್ನು ಸಂಪಾದಿಸಿತು, 'ಸಂಗೀತರತ್ನಾಕರ'ವನ್ನು ಕನ್ನಡಕ್ಕೆ ತಂದಿತು. ಒಂದು ಹಸ್ತಪ್ರತಿಯಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ, ನಾನು ಇದನ್ನು ಆರಿಸಿದ್ದು ಇಂಥ ಕಾರಣಕ್ಕೆ ಅಂತ ಬರೆಯೋದಕ್ಕೆ ಲ್ಯಾಬಿನ ಶಿಸ್ತೇ ಬೇಕು. ಈಗ ನಿನ್ನ ಆಕರಗಳಿಗೆ ಬರೋಣ. ಚೌಡಯ್ಯನವರಿಗೆ 1957ರಲ್ಲಿ ಸಂಗೀತ ಕಲಾನಿಧಿ ಬಂತಲ್ಲ, ಆ ವರ್ಷ ಮದ್ರಾಸ್ ಅಕಾಡೆಮಿಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆಗಿನ ಭಾಷಣ, ಕಲಾಪ ಓದಿದ್ದೀಯಾ?

— ಇಲ್ಲ.

— ಅವರ ಬಗ್ಗೆ ಬಂದ ಹನ್ನೆರಡು ಲೇಖನ ಓದಿದ್ದೀಯ. ಅವರೇ ಆಡಿದ ಮಾತು ಬಿಟ್ಟೆ.

— ಒಂದು ಮಾತು ಕೇಳಲಾ? ಹೀಗೆ ಎಲ್ಲದರ ಮೇಲೂ ಅನುಮಾನ ಪಡ್ತಾ ಹೋದರೆ ಕೊನೆಗೆ ಏನೂ ಉಳಿಯಲ್ಲ ಅಲ್ವಾ? ಪುರಂದರದಾಸರು ಮಾಯಾಮಾಳವಗೌಳದಲ್ಲಿ ಸರಳೆ ಮಾಡಿದರು ಅನ್ನೋದೂ ಹೋಗುತ್ತೆ. ನಮ್ಮ ತಾಲ್ಲೂಕಿಗೆ ಅವರ ನಂಟು ಬೇರೆ ಇದೆ. ಅವರ ಗುರು ವ್ಯಾಸರಾಯರು ಹುಟ್ಟಿದ್ದು ಬನ್ನೂರು, ಮಠ ಇರೋದು ಸೋಸಲೆ.

— ನಿನ್ನ ಅನುಮಾನವನ್ನೂ ಅನುಮಾನಿಸು. 'ಮಾಯಾ' ಅನ್ನೋದು ದಾಸರ ಕಾಲದ್ದಲ್ಲ. ಮೇಳಕ್ಕೆ ಸಂಖ್ಯೆ ಕೊಡೋ ಕಟಪಯಾದಿಗೋಸ್ಕರ ಆಮೇಲೆ ಅಂಟಿಸಿದ್ದು. ಮ ಅಂದರೆ 5, ಯ ಅಂದರೆ 1, ತಿರುಗಿಸಿ ಓದಿದರೆ 15. ವಿಜಯನಗರದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳಕಲಾನಿಧಿ' ಬರೆದಾಗ ಅದು ಬರೀ ಮಾಳವಗೌಳ. ಇದರಿಂದ ಏನು ಸಾಬೀತಾಯಿತು?

— ಆ ಹೆಸರು ಆಮೇಲಿನದು ಅಂತ.

— ಅಷ್ಟೇ. ದಾಸರು ಸರಳೆ ಮಾಡಲಿಲ್ಲ ಅಂತ ಆಗಲಿಲ್ಲ. ರಾಮಾಮಾತ್ಯ ಆ ರಾಗವನ್ನು ಮೆಚ್ಚಿ ಬರೆದಿರೋದರಿಂದ, ಅದೇ ಕಾಲದ ದಾಸರು ಅದನ್ನೇ ಹಿಡಿದಿದ್ದರೆ ಆಶ್ಚರ್ಯವೂ ಇಲ್ಲ. ಪುರಾವೆ ಎಷ್ಟು ಹೇಳುತ್ತೋ ಅಷ್ಟು ಹೇಳಿ ಸುಮ್ಮನಾಗೋದು. ಅದು ಆಲಾಪನೆ ನಿಲ್ಲಿಸೋ ಹಾಗೆ, ಎಲ್ಲರಿಗೂ ಬರೋದಿಲ್ಲ. ಒಂದು ಸಲಹೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮದು ಮಂಟೇಸ್ವಾಮಿ ಕತೆ ಹಾಡೋ ನೀಲಗಾರರ ಮನೆ ಅಂದೆಯಲ್ಲ?

— ಹೂಂ. ನಮ್ಮಜ್ಜ ತಂಬೂರಿ ಹಿಡಿದು ಕತೆ ಮಾಡ್ತಾರೆ. ಪ್ರತಿವರ್ಷ ಚಿಕ್ಕಲ್ಲೂರಿಗೆ ಹೋಗ್ತಾರೆ, ಚಂದ್ರಮಂಡಲಕ್ಕೆ.

— ಮತ್ತೆ ಅದನ್ನೇ ತಗೋಬಾರದಾ? ಮಂಟೇಸ್ವಾಮಿ ಕಾವ್ಯದ ಮಾತನ್ನು ಜಾನಪದದವರು ಪುಸ್ತಕ ಮಾಡಿದ್ದಾರೆ. ಹಾಡಿಕೆಯ ಕಡೆ, ಆ ಗಗ್ಗರದ ಲಯದ ಕಡೆ ಗಮನ ಕೊಟ್ಟವರು ಕಡಿಮೆ. ನಿನಗೆ ಒಗ್ಗಿದ ವಿಷಯ.

— ಗೊತ್ತಿತ್ತು, ಎಲ್ಲಾದರೂ ಇದು ಬರುತ್ತೆ ಅಂತ.

— ಯಾಕೆ?

— ಎಂ.ಎ.ಗೆ ಸೇರಿದ ದಿನದಿಂದ ಇದನ್ನೇ ಕೇಳ್ತಿದ್ದೀನಿ. ನಮ್ಮ ಕ್ಲಾಸಿನಲ್ಲಿ ಒಬ್ಬಳಿಗೆ ದೀಕ್ಷಿತರ ಕೃತಿ, ಒಬ್ಬನಿಗೆ ಮೈಸೂರು ಅರಸರ ಕಾಲದ ವೈಣಿಕರು. ನನ್ನ ಸರದಿ ಬಂದಾಗ ಮಾತ್ರ 'ನಿಮ್ಮ ಮನೆಯಲ್ಲೇ ಇದೆಯಲ್ಲಮ್ಮ'. ದೀಕ್ಷಿತರ ಕೃತಿ ತಗೊಂಡವಳ ಮನೆಯಲ್ಲಿ ಹಪ್ಪಳ ಸಂಡಿಗೆ ಹಾಡು ಇಲ್ವಾ? ಅವಳಿಗೆ ಯಾಕೆ ಯಾರೂ ಅದನ್ನ ತಗೋ ಅನ್ನೋದಿಲ್ಲ? ಅಜ್ಜನ ಹಾಡು ಕಮ್ಮಿ ಅಂತಲ್ಲ ಸರ್. ಯಾರಿಗೆ ಯಾವುದು ಒಗ್ಗುತ್ತೆ ಅಂತ ಮೊದಲೇ ಪಾಲು ಮಾಡಿಟ್ಟಿದ್ದಾರಲ್ಲ, ಅದು. ಆ ವಾಕ್ಯ ಏನು ಸಿಕ್ಕಿದರೆ ಸುಳ್ಳಾಗುತ್ತೆ, ನೀವೇ ಹೇಳಿ.

— (ಸ್ವಲ್ಪ ಹೊತ್ತು ಮಾತಿಲ್ಲ. ದೇವಸ್ಥಾನದ ಕಡೆಯಿಂದ ನಾಗಸ್ವರ ಕೇಳಿಸುತ್ತದೆ.) ತಪ್ಪಾಯಿತಮ್ಮ.

— ಅಯ್ಯೋ, ಹಾಗಲ್ಲ ಸರ್.

— ಹಾಗೇ. ಪೆನ್ಸಿಲ್ ತಗೊಂಡು ನಿನ್ನ ಹೆಸರಿನ ಪುಟ ಹೊಡೆದೆ. ನನ್ನ ತಲೆಯಲ್ಲಿ ಅಚ್ಚಾಗಿದ್ದದ್ದು ನನಗೆ ಕಾಣಲಿಲ್ಲ. ಚೌಡಯ್ಯನವರನ್ನು ಬಿಡಬೇಡ. ಆದರೆ ಪೂರ್ತಿ ಜೀವನ ಬೇಡ. ಮೂರು ತಂತಿ ಸಾಕು.

(ಕೆಲವು ವಾರಗಳ ನಂತರ. ತಿರುಮಕೂಡಲು, ಅಗಸ್ತ್ಯೇಶ್ವರನ ಗುಡಿಯ ಹಿಂದೆ. ನಂಜನಗೂಡಿನಿಂದ ಹರಿದು ಬಂದ ಕಪಿಲೆ ಇಲ್ಲಿ ಕಾವೇರಿಗೆ ಸೇರುತ್ತದೆ. ಆಚೆ ದಡದಲ್ಲಿ ನರಸೀಪುರದ ಗುಂಜಾ ನರಸಿಂಹನ ಗೋಪುರ. ಹುಡುಗಿಯ ಹೆಗಲಲ್ಲಿ ಪಿಟೀಲಿನ ಪೆಟ್ಟಿಗೆ.)

— ನಿಮ್ಮೂರಿನ ಹೆಸರಿಗೂ ಒಂದು ತಮಾಷೆ ಆಗಿದೆ, ಗಮನಿಸಿದ್ದೀಯಾ? ಕೂಡಲು ಅಂದರೆ ನದಿ ಕೂಡೋ ಜಾಗ. ಸಂಸ್ಕೃತಕ್ಕೆ ಹೋಗಿ 'ತ್ರಿಮಕುಟ' ಆಯಿತು. ಹೊಳೆ ಹೋಗಿ ಕಿರೀಟ ಬಂತು. ಚೌಡಯ್ಯನವರು ತಮ್ಮ ರಚನೆಗಳಿಗೆ ಹಾಕಿದ ಅಂಕಿತವೂ ಅದೇ.

— ಅಡಿಟಿಪ್ಪಣಿಗೆ ಬರೆದುಕೊಂಡೆ. ಈಗ ನನ್ನ ಕತೆ ಕೇಳಿ. ನಮ್ಮ ಪಿಟೀಲಿಗೆ ಏಳು ತಂತಿ ಕಟ್ಟೋಕೆ ಆಗಲ್ಲ, ಬಿರಡೆಗೆ ಜಾಗ ಇಲ್ಲ, ತೂತು ಕೊರೆದರೆ ಅಪ್ಪ ಮನೆಗೆ ಸೇರಿಸಲ್ಲ. ಅದಕ್ಕೇ ಒಂದೇ ಥರದ ಎರಡು ತಂತಿ ತಂದು ಪಕ್ಕಪಕ್ಕ ಕಟ್ಟಿ, ಎರಡನ್ನೂ ಒಂದೇ ಷಡ್ಜಕ್ಕೆ ಸೇರಿಸಿದೆ. ಒಂಟಿ ತಂತಿ ಇಪ್ಪತ್ತು ಸಲ, ಜೋಡಿ ಇಪ್ಪತ್ತು ಸಲ ಎಳೆದೆ. ಮೊಬೈಲಿನ ಆ್ಯಪ್‌ನಲ್ಲಿ ಅಳೆದೆ.

— ಏನಾಯಿತು?

— ಒಂಟಿಗೂ ಜೋಡಿಗೂ ಇರೋ ಅಂತರಕ್ಕಿಂತ ನನ್ನ ಕೈಯ ಏರುಪೇರೇ ಜಾಸ್ತಿ ಬಂತು. ಅಂದರೆ ಏನೂ ಹೇಳೋಕಾಗಲ್ಲ. ಮೇಲಿಂದ ಮೊಬೈಲ್ ಒಂದು ಮೋಸ ಮಾಡುತ್ತೆ ಸರ್. ಶಬ್ದ ಜೋರಾದರೆ ತಾನೇ ತಗ್ಗಿಸಿಕೊಳ್ಳುತ್ತೆ, ಮೆಲ್ಲಗಾದರೆ ಏರಿಸಿಕೊಳ್ಳುತ್ತೆ. ಮಾತು ಚೆನ್ನಾಗಿ ಕೇಳಲಿ ಅಂತ ಹಾಗೆ ಮಾಡಿರ್ತಾರೆ. ಎರಡು ದಿನ ಅಳೆದ ಮೇಲೆ ಗೊತ್ತಾಯಿತು.

— ಎರಡು ದಿನ ಹಾಳಾಯಿತು ಅನ್ನಿಸ್ತಾ?

— ಮೊದಲನೇ ದಿನ ಅನ್ನಿಸ್ತು. ಅದನ್ನೂ ಬರೀತೀನಿ. ಹಳೇ ಗ್ರಾಮಫೋನ್ ತಟ್ಟೆ ನಂಬಿಕೊಂಡು 'ಚೌಡಯ್ಯನವರ ನಾದ ಇಷ್ಟು ದೊಡ್ಡದು' ಅನ್ನೋರಿಗೂ ಇದೇ ತೊಂದರೆ ಅಲ್ವಾ? ಮೈಕಿಗೆ ಎಷ್ಟು ಹತ್ತಿರ ಕೂತಿದ್ದರೋ, ತಟ್ಟೆ ಕೊರೆದವನು ಎಷ್ಟಕ್ಕೆ ಇಟ್ಟಿದ್ದನೋ. ತಟ್ಟೆಯಿಂದ ಬೆರಳಿನ ಗಮಕ ಹೇಳಬಹುದು, ಕಮಾನಿನ ಉದ್ದ ಹೇಳಬಹುದು. ಜೋರು ಎಷ್ಟು ಅಂತ ಮಾತ್ರ ಹೇಳೋಕಾಗಲ್ಲ.

— ಇದು ನಿನ್ನದೇ ಮಾತಾ, ಎಲ್ಲಾದರೂ ಓದಿದ್ದಾ?

— ನಂದೇ. ನೂರಕ್ಕೆ ಹತ್ತರವರೆಗೆ ಹೋಲಿಕೆ ಇದ್ದರೆ ದಂಡ ಇಲ್ಲ ಅಂತ 2018ರಿಂದ ಯುಜಿಸಿ ನಿಯಮ ಇದೆ, ಗೊತ್ತು. ಇದರಲ್ಲಿ ಅಷ್ಟೂ ಇಲ್ಲ.

— ಆ ಲೆಕ್ಕ ಹಾಕೋ ಯಂತ್ರಕ್ಕೆ ಹಳೇ ಕನ್ನಡ ಪುಸ್ತಕ ಎಷ್ಟು ಗೊತ್ತಿರುತ್ತೋ! ಇರಲಿ, ಮುಂದೆ ಹೇಳು.

— ಮನೆಯಲ್ಲಿ ಜಗಲಿಯ ಮೇಲೆ ಕೂತು ಇದನ್ನೇ ಎಳೀತಾ ಇದ್ದೆ. ಅಜ್ಜ ಎಲೆ ಅಡಿಕೆ ಹಾಕ್ಕೊಂಡು ಕೇಳ್ತಾ ಇದ್ದರು. ಮೊದಲನೇ ದಿನ ಎರಡೂ ತಂತಿ ಸರಿಯಾಗಿ ಕೂಡಿರಲಿಲ್ಲ, ಅಲೆ ಅಲೆಯಾಗಿ ಬರ್ತಿತ್ತು. ಆಮೇಲೆ ಟ್ಯೂನರ್ ಇಟ್ಟು ಒಂದಿಷ್ಟೂ ಅಂತರ ಇಲ್ಲದ ಹಾಗೆ ಸೇರಿಸಿದೆ. ಆಗ ಅಜ್ಜ, 'ಕೆಡಿಸಿಬುಟ್ಟೆ ಕಣವ್ವ' ಅಂದರು.

— ಕೆಡಿಸಿದೆ ಅಂತ?

— ಹೂಂ. 'ಮೊದ್ಲು ನಾಕು ಜನ ಆಡ್ದಂಗಿತ್ತು, ಈಗ ಒಬ್ಬನೇ ಕೂಗ್ದಂಗೈತೆ' ಅಂದರು. ನಮ್ಮ ಅಜ್ಜನ ಹಿಮ್ಮೇಳದಲ್ಲಿ ಡಕ್ಕೆಯವರು, ತಾಳದವರು ಸೊಲ್ಲು ಹಿಡಿದಾಗ ಯಾರ ದನಿಯೂ ಇನ್ನೊಬ್ಬರ ದನಿಗೆ ಪಕ್ಕಾ ಕೂಡಲ್ಲ. ನಾನು ಎಷ್ಟೋ ಸಲ ಒಳಗೊಳಗೇ ನಾಚಿಕೊಂಡಿದ್ದೀನಿ, ಶ್ರುತಿ ಇಲ್ಲ ಅಂತ. ಅದು ಬೇಕೂಂತಲೇ ಬಿಟ್ಟಿರೋ ಸಂದಾ ಅಂತ ಕೇಳಿದೆ. 'ಒಂದು ಗುಲಗಂಜಿ ಬುಡಬೇಕು. ಪೂರಾ ಕೂಡಿದ್ರೆ ಆಚೆ ಬೀದಿಗೆ ಕೇಳಾಕಿಲ್ಲ' ಅಂದರು.

— ಗುಲಗಂಜಿ! ಆಚೆ ದಡದ ಸ್ವಾಮಿ ಬೆರಳಲ್ಲಿ ಹಿಡಿದಿರೋದೂ ಅದನ್ನೇ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ.

— ಅಜ್ಜ ಅದನ್ನ ನೆನೆದೇ ಅಂದಿರಬಹುದು, ಗೊತ್ತಿಲ್ಲ. ಆದರೆ ನನಗೆ ಹೊಳೆದದ್ದು ಇದು. ಚೌಡಯ್ಯನವರ ಜೋಡಿ ತಂತಿ ಸಭೆ ತುಂಬಿದ್ದು ಜೋರಿನಿಂದ ಅಲ್ಲದೆ ಇರಬಹುದು. ಎರಡು ತಂತಿಯ ನಡುವೆ ಉಳಿಯೋ ಆ ಚೂರು ಸಂದಿನಿಂದ ಇರಬಹುದು. ಒಂದು 440 ಹರ್ಟ್ಜ್, ಇನ್ನೊಂದು 442 ಇದ್ದರೆ ಸೆಕೆಂಡಿಗೆ ಎರಡು ಅಲೆ. ಅದನ್ನ ಕಿವಿ 'ಜೋರು' ಅನ್ನಲ್ಲ, 'ತುಂಬು' ಅನ್ನುತ್ತೆ. ಹಿಂದಿನ ಸಾಲಿನವರಿಗೆ ಬೇಕಾದದ್ದು ಅದೇ ಇರಬಹುದು.

— ಎಷ್ಟು 'ಇರಬಹುದು' ಹೇಳಿದೆ?

— ಎಣಿಸಿಲ್ಲ. ನೀವೇ ಕಲಿಸಿದ್ದು.

— ಎಲ್ಲಿ ಬರೀತೀಯ ಇದನ್ನ?

— ಅದೇ ಕೇಳಬೇಕಿತ್ತು. ಅಜ್ಜನ ಮಾತು ಎಲ್ಲಿಗೆ ಹಾಕಲಿ? ಅನುಬಂಧದಲ್ಲಿ 'ಕ್ಷೇತ್ರಕಾರ್ಯ: ಮಾಹಿತಿದಾರರು' ಅಂತ ಒಂದು ಪಟ್ಟಿ ಇರುತ್ತೆ. ಹೆಸರು, ವಯಸ್ಸು, ಊರು, ಅಷ್ಟೇ. ರಾಮನ್ ಅವರ ಮಾತು ಮೇಲೆ ಪಠ್ಯದಲ್ಲಿ, ಅಜ್ಜನ ಮಾತು ಕೆಳಗೆ ಪಟ್ಟಿಯಲ್ಲಿ. ಇಬ್ಬರೂ ಹೇಳಿದ್ದು ತಂತಿ ಹೇಗೆ ನಾದ ಕೊಡುತ್ತೆ ಅಂತಲೇ ಅಲ್ವಾ?

— ರಾಮನ್ ಪರೀಕ್ಷೆ ಮಾಡಿ ಹೇಳಿದರು.

— ಅಜ್ಜ ಐವತ್ತು ವರ್ಷ ರಾತ್ರಿಯೆಲ್ಲ ಹಾಡಿ ಹೇಳಿದರು.

— ಅದಕ್ಕೇ ಇನ್ನೂ ಪರೀಕ್ಷೆ ಮಾಡಬೇಕು ಅಂತೀನಿ, ಬೇಡ ಅನ್ನೋದಿಲ್ಲ. ಅಜ್ಜನ ಮಾತನ್ನು ಗೌರವಕ್ಕೆ ಅಂತ ಮೇಲೆ ಕೂರಿಸಿದರೆ ಅದೂ ನಾದಬ್ರಹ್ಮದ ಸಾಲಿಗೇ ಸೇರುತ್ತೆ. ಪಿಟೀಲು ತಂದಿದ್ದೀಯಲ್ಲ?

— ಎರಡು ತಂತಿ ಕಟ್ಟಿಕೊಂಡೇ ಬಂದಿದ್ದೀನಿ.

— ತೆಗೆ ಮತ್ತೆ. ಮೊಬೈಲ್ ಬೇಡ, ಒಳಗಿಡು.

— ಒಂದು ಸಲ ಪಕ್ಕಾ ಕೂಡಿಸಿ ಎಳೀತೀನಿ, ಒಂದು ಸಲ ಗುಲಗಂಜಿ ಬಿಟ್ಟು. ಯಾವುದು ಮೊದಲು ಅಂತ ಹೇಳಲ್ಲ. ಎಷ್ಟು ಸಲ ಅಂತಲೂ ಹೇಳಲ್ಲ. ನೀವು ಆ ಅಶ್ವತ್ಥದ ಮರದ ಆಚೆ ಹೋಗಿ ನಿಂತ್ಕೊಳ್ಳಿ ಸರ್.

— ಇಲ್ಲೇ ಕೂತರೆ ಆಗಲ್ವಾ? ಬಿಸಿಲು.

— ನೀವು ಹಿಂದಿನ ಸಾಲಿನವರು. ಹೋಗಿ. ನನ್ನ ಕಮಾನು ಕಾಣಬಾರದು, ಹೊಳೆ ಕಡೆಗೆ ಮುಖ ಮಾಡಿ ನಿಂತ್ಕೊಳ್ಳಿ. ಮತ್ತೆ ಪೆನ್ಸಿಲ್ ತಗೊಂಡು ಹೋಗಿ, ಪ್ರತಿಸಲಕ್ಕೂ ಗುರುತು ಹಾಕಬೇಕು.